ರಂಗಪ್ರವೇಶದ ಬ್ರೋಷರಿನಲ್ಲಿ ಇಲ್ಲದವರು

ಬೇಸಿಗೆ ಬಂತೆಂದರೆ ಅಮೆರಿಕದ ಕನ್ನಡಿಗರ ಮನೆಗಳಿಗೆ ಎರಡು ಬಗೆಯ ಆಮಂತ್ರಣಗಳು ಬರುತ್ತವೆ. ಒಂದು ಹೈಸ್ಕೂಲ್ ಗ್ರಾಜುಯೇಶನ್ ಪಾರ್ಟಿಯದು, ಇನ್ನೊಂದು ರಂಗಪ್ರವೇಶದ್ದು. ಎಷ್ಟೋ ಸಲ ಎರಡೂ ಒಂದೇ ಮನೆಯಿಂದ ಬರುತ್ತವೆ! ಈ ವರ್ಷ ನಮ್ಮ ಕೂಟದ ಗೆಳೆಯರ ಮನೆಯಿಂದ ಬಂದ ಕಾರ್ಡಿನಲ್ಲಿ ಇನ್ನೂ ಒಂದು ಸಾಲಿತ್ತು. ರಂಗಪ್ರವೇಶಕ್ಕೆ ಒಂದು ವಾರ ಮುಂಚೆ, ಶನಿವಾರ ಬೆಳಿಗ್ಗೆ, ದೇವಸ್ಥಾನದಲ್ಲಿ 'ಗೆಜ್ಜೆಪೂಜೆ', ದಯಮಾಡಿ ಬನ್ನಿ ಎಂದು.

ಅಂದು ಸಂಜೆ ಕೂಟಕ್ಕೆ ಬಂದಿದ್ದ ಹಿರಿಯರೊಬ್ಬರು ಕಾರ್ಡನ್ನು ಓದಿ, ಕನ್ನಡಕ ತೆಗೆದು, ಮತ್ತೊಮ್ಮೆ ಓದಿದರು. "ಇದೇನ್ರೀ ಇದು, ಗೆಜ್ಜೆಪೂಜೆಗೆ ಜನರನ್ನು ಕರೆಯೋದೇ?" ಎಂದರು. ಹುಡುಗಿಯ ತಾಯಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಗೆಜ್ಜೆಯನ್ನು ದೇವರ ಮುಂದಿಟ್ಟು ಪೂಜೆ ಮಾಡಿಸಿ, ಗುರುಗಳ ಕೈಯಿಂದ ಪಡೆದು ಕಟ್ಟಿಕೊಳ್ಳುವುದರಲ್ಲಿ ಕರೆಯಬಾರದ್ದು ಏನಿದೆ? ಅವರು ಹೇಳಿದ್ದೂ ಸರಿಯೇ. ಹಿರಿಯರ ಕಣ್ಣ ಮುಂದೆ ಬಂದದ್ದು ಎಂ.ಕೆ. ಇಂದಿರಾ ಅವರ ಕಾದಂಬರಿ, ಪುಟ್ಟಣ್ಣ ಕಣಗಾಲರ 1969ರ ಸಿನಿಮಾ, ಅದರಲ್ಲಿ ಕಲ್ಪನಾ ಅಭಿನಯಿಸಿದ ಚಂದ್ರಾ. ಆ ಕಥೆಯಲ್ಲಿ ಗೆಜ್ಜೆಪೂಜೆ ಎಂದರೆ ಮದುವೆಯಾಗಿ ಎಲ್ಲರಂತೆ ಸಂಸಾರ ಮಾಡಬೇಕೆಂಬ ಹುಡುಗಿಯ ಆಸೆಗೆ ಬಾಗಿಲು ಹಾಕುವ ಶಾಸ್ತ್ರ. ಒಂದೇ ಕನ್ನಡ ಪದ. ಎರಡು ತಲೆಮಾರಿನ ಇಬ್ಬರು ಕನ್ನಡಿಗರು ಅದನ್ನು ಒಂದೇ ಸೋಫಾದ ಮೇಲೆ ಕುಳಿತು ಎರಡು ಅರ್ಥದಲ್ಲಿ ಓದಿದರು.

ನಾವು ಪೂಜೆಗೂ ಹೋದೆವು, ರಂಗಪ್ರವೇಶಕ್ಕೂ ಹೋದೆವು. ಹುಡುಗಿ ಚೆನ್ನಾಗಿ ಕುಣಿದಳು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಎರಡೂವರೆ ಗಂಟೆ ಕಾಲ ಅರೆಮಂಡಿ ಕುಗ್ಗಲಿಲ್ಲ, ವರ್ಣದ ಕೊನೆಯ ಜತಿಯಲ್ಲೂ ಹೆಜ್ಜೆ ಮೃದಂಗದ ಕೈ ಬಿಡಲಿಲ್ಲ. ಈ ಬರಹದ ವಿಮರ್ಶೆ ಅವಳ ನೃತ್ಯದ ಮೇಲಲ್ಲ. ಸಾಹಿತ್ಯ ಕೂಟದವರಾದ ನಮ್ಮ ಕಣ್ಣು ಅಭ್ಯಾಸಬಲದಿಂದ ಕೈಯಲ್ಲಿದ್ದ ಬ್ರೋಷರಿನ ಮೇಲೂ ಓಡಿತು, ಕಿವಿ ನಿರೂಪಕರ ಮಾತಿನ ಮೇಲೂ ಇತ್ತು. ಆ ಹನ್ನೆರಡು ಪುಟದ ಬ್ರೋಷರನ್ನು ಒಂದು ಸಾಹಿತ್ಯ ಕೃತಿಯೆಂದೇ ತಿಳಿದು ಓದೋಣ ಎಂಬುದು ನಮ್ಮ ಉದ್ದೇಶ. ಯಾಕೆಂದರೆ ಇಂಥ ಬ್ರೋಷರುಗಳು ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ನಮ್ಮ ಮಕ್ಕಳಲ್ಲಿ ಅನೇಕರು ತಮ್ಮ ನಾಡಿನ ಕಲೆಯ ಚರಿತ್ರೆಯೆಂದು ಓದುವುದು ಬಹುಶಃ ಇದೊಂದನ್ನೇ.

ಬ್ರೋಷರು ಹೇಳಿದ ಮುಖ್ಯ ಮಾತುಗಳು ಮೂರು. ಭರತನಾಟ್ಯ ಎರಡು ಸಾವಿರ ವರ್ಷದ ದೇವಾಲಯ ನೃತ್ಯ. ಇದೇ ನೃತ್ಯವನ್ನು ನಾಟ್ಯರಾಣಿ ಶಾಂತಲೆ ಬೇಲೂರಿನಲ್ಲಿ ಆಡಿದಳು. ಇದರ ಶೃಂಗಾರವೆಲ್ಲ ಜೀವಾತ್ಮ ಪರಮಾತ್ಮನಿಗಾಗಿ ಹಂಬಲಿಸುವುದರ ರೂಪಕ. ಮೂರನ್ನೂ ಒಂದೊಂದಾಗಿ ನೋಡೋಣ.

ಮೊದಲನೆಯದು ವಯಸ್ಸಿನ ಮಾತು. ನಾಟ್ಯಶಾಸ್ತ್ರ ಸುಮಾರು ಎರಡು ಸಾವಿರ ವರ್ಷ ಹಳೆಯದೆಂದು ವಿದ್ವಾಂಸರು ಎಣಿಸುತ್ತಾರೆ, ನಿಜ. ಆದರೆ ಅಂದು ಸಂಜೆ ನಾವು ನೋಡಿದ್ದು ಅಲರಿಪು, ಜತಿಸ್ವರ, ಶಬ್ದ, ವರ್ಣ, ಪದ, ಜಾವಳಿ, ತಿಲ್ಲಾನ. ಈ ಸಾಲನ್ನು ಹೀಗೆ ಜೋಡಿಸಿಕೊಟ್ಟವರು ತಂಜಾವೂರಿನ ನಾಲ್ವರು ಸಹೋದರರು: ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು. ಕಾಲ ಹತ್ತೊಂಬತ್ತನೇ ಶತಮಾನದ ಮೊದಲ ಭಾಗ. ಮರಾಠ ದೊರೆಗಳ ಆಸ್ಥಾನ. ಅಂದರೆ ಇದರ ವಯಸ್ಸು ಇನ್ನೂರು ವರ್ಷ. ಇನ್ನೂರೇ ಎಂದು ಯಾರೂ ಮುಖ ಸಪ್ಪಗೆ ಮಾಡಿಕೊಳ್ಳಬೇಕಾಗಿಲ್ಲ. ಆ ನಾಲ್ವರಲ್ಲಿ ವಡಿವೇಲು ತಿರುವಾಂಕೂರಿಗೆ, ಸ್ವಾತಿ ತಿರುನಾಳರ ಆಸ್ಥಾನಕ್ಕೆ ಹೋದರು. ಚಿನ್ನಯ್ಯ ಬಂದದ್ದು ನಮ್ಮ ಮೈಸೂರಿಗೆ, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ. ಎರಡು ಸಾವಿರ ವರ್ಷ ಎಂದು ಒಂದೇ ಉಸಿರಿಗೆ ಹೇಳಿದಾಗ ಆ ಚಿನ್ನಯ್ಯ ಕಣ್ಮರೆಯಾಗುತ್ತಾರೆ. ಕರ್ನಾಟಕಕ್ಕೂ ಈ ನೃತ್ಯಕ್ಕೂ ಇರುವ ಗಟ್ಟಿಯಾದ ನಂಟು ಒಂದು ಕಳಚಿ ಬೀಳುತ್ತದೆ.

ಹೆಸರಿನ ವಿಷಯವೂ ಹಾಗೆಯೇ. ಇದೇ ನೃತ್ಯವನ್ನು ತಮಿಳುನಾಡಿನಲ್ಲಿ ಸದಿರ್, ದಾಸಿಯಾಟ್ಟಂ ಎನ್ನುತ್ತಿದ್ದರು. 'ಭರತನಾಟ್ಯ' ಎಂಬ ಹೆಸರು ಸಭ್ಯರ ಸಭೆಗಳಲ್ಲಿ ನೆಲೆಯಾದದ್ದು 1930ರ ದಶಕದಲ್ಲಿ, ಮದರಾಸಿನ ಮ್ಯೂಸಿಕ್ ಅಕಾಡೆಮಿಯಲ್ಲಿ ನಡೆದ ಚರ್ಚೆಗಳ ನಂತರ. ವಕೀಲರಾಗಿದ್ದ ಇ. ಕೃಷ್ಣ ಅಯ್ಯರ್ ಅದಕ್ಕಾಗಿ ಓಡಾಡಿದರು. ರುಕ್ಮಿಣಿ ದೇವಿ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಕಲಿತು 1935ರ ಡಿಸೆಂಬರಿನಲ್ಲಿ ಅಡ್ಯಾರಿನಲ್ಲಿ ರಂಗವೇರಿದರು. ಮರುವರ್ಷ ಅವರು ಕಟ್ಟಿದ ಸಂಸ್ಥೆಯೇ ಮುಂದೆ ಕಲಾಕ್ಷೇತ್ರವಾಯಿತು. ವೇದಿಕೆಯ ಪಕ್ಕದಲ್ಲಿ ನಟರಾಜ, ಅಚ್ಚುಕಟ್ಟಾದ ದೀಪ, ಹೊಲಿಸಿದ ಉಡುಪು: ಇವು ನಮಗೆ ಅನಾದಿಕಾಲದಿಂದ ಬಂದವೆಂಬಂತೆ ಕಾಣುತ್ತವೆ. ವಾಸ್ತವದಲ್ಲಿ ಇವುಗಳಲ್ಲಿ ಬಹಳಷ್ಟು ನಮ್ಮ ಅಜ್ಜಿಯರ ಕಾಲದಲ್ಲಿ, ಸಭಾಂಗಣಕ್ಕೆಂದು ಹೊಂದಿಸಿಕೊಂಡವು.

ಎರಡನೆಯದು ಶಾಂತಲೆ. ಅಂದಿನ ಕಾರ್ಯಕ್ರಮದಲ್ಲಿ ನಮಗೆ ಅತ್ಯಂತ ಹಿಡಿಸಿದ್ದು ಡಿ.ವಿ.ಜಿ.ಯವರ 'ಅಂತಃಪುರಗೀತೆ'ಯ ಒಂದು ಹಾಡಿನ ನೃತ್ಯ. ಹುಡುಗಿ ಬೇಲೂರಿನ ಮದನಿಕೆಯಾಗಿ ಒಂದು ಕ್ಷಣ ಕಲ್ಲಿನಂತೆ ನಿಂತಳು, ಬಳಿಕ ಕಣ್ಣಿನಿಂದ ಆರಂಭಿಸಿ ಮೈಗೆ ಜೀವ ತಂದುಕೊಂಡಳು. ಸಭೆಯೆಲ್ಲ ನಿಶ್ಶಬ್ದ. ಅಷ್ಟರಲ್ಲಿ ನಿರೂಪಕರು, "ಒಂಬೈನೂರು ವರ್ಷದ ಹಿಂದೆ ಶಾಂತಲೆ ಆಡಿದ ನೃತ್ಯವನ್ನೇ ನೀವೀಗ ನೋಡಿದಿರಿ" ಎಂದರು. ಇಲ್ಲ ಸ್ವಾಮಿ, ನಾವು ನೋಡಿದ್ದು ಅದಕ್ಕಿಂತ ಸ್ವಾರಸ್ಯವಾದದ್ದು!

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಹೊರಗೋಡೆಯ ಮೇಲಿನ 38 ಮದನಿಕೆಯರಲ್ಲಿ ಎಲ್ಲರೂ ನರ್ತಕಿಯರಲ್ಲ. ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಾಳೆ, ಒಬ್ಬಳು ಗಿಳಿಯೊಂದಿಗೆ ಮಾತಾಡುತ್ತಾಳೆ, ಒಬ್ಬಳು ಬೇಟೆಗೆ ಹೊರಟಿದ್ದಾಳೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನಲ್ಲೇ ಕೊರೆದಿಟ್ಟು ಹೋದರು. ಶಾಂತಲೆ ಸಂಗೀತ ನೃತ್ಯಗಳಲ್ಲಿ ನಿಪುಣೆಯೆಂದು ಶಾಸನಗಳು ಹೊಗಳುತ್ತವೆ; ದರ್ಪಣಸುಂದರಿ ಶಾಂತಲೆಯೇ ಎನ್ನುವುದು ಮಾತ್ರ ಗೈಡುಗಳ ಮಾತು. ಅವಳ ಹೆಜ್ಜೆಗಳು ಹೇಗಿದ್ದವೆಂದು ಕಲ್ಲು ಹೇಳುವುದಿಲ್ಲ. ಕಲ್ಲು ಒಂದು ಭಂಗಿಯನ್ನು ಹಿಡಿದಿಡಬಲ್ಲದು, ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋದ ಬಗೆಯನ್ನಲ್ಲ. ಆ ಶಿಲ್ಪಗಳನ್ನು ಇಪ್ಪತ್ತನೇ ಶತಮಾನದಲ್ಲಿ ಡಿ.ವಿ.ಜಿ. ನೋಡಿದರು, ಅವರನ್ನು ಚೆನ್ನಕೇಶವನ ಅಂತಃಪುರದವರೆಂದು ಭಾವಿಸಿ ಮಾತಾಡಿಸಿದರು, ಹಾಡು ಬರೆದರು. ಆ ಹಾಡಿಗೆ ತಂಜಾವೂರಿನಿಂದ ಬಂದ ಅಡವುಗಳನ್ನು ನಮ್ಮ ಗುರುಗಳು ಹೊಂದಿಸಿದರು. ಅದನ್ನು ಅಮೆರಿಕದಲ್ಲಿ ಹುಟ್ಟಿದ, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಕಲಿತ ಹುಡುಗಿ ಆಡಿದಳು. ಹೊಯ್ಸಳರ ಕಲ್ಲು, ಮೈಸೂರು ಸೀಮೆಯ ಕವಿ, ತಂಜಾವೂರಿನ ಹೆಜ್ಜೆ, ಇಲ್ಲಿಯ ಹೈಸ್ಕೂಲಿನ ಆಡಿಟೋರಿಯಂ ಎಲ್ಲ ಒಂದೇ ಏಳು ನಿಮಿಷದಲ್ಲಿ ಸೇರಿದ್ದವು. ಇದನ್ನೆಲ್ಲ ತಿಳಿದು ನೋಡಿದವರಿಗೆ ಸಂತೋಷ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಮೂರನೆಯದು ಜೀವಾತ್ಮ ಪರಮಾತ್ಮ. ಇಲ್ಲಿ ಸ್ವಲ್ಪ ನಿಲ್ಲಬೇಕು. ಮಧ್ಯಂತರದ ನಂತರ ಹುಡುಗಿ ಕ್ಷೇತ್ರಯ್ಯನ ಒಂದು ಪದಕ್ಕೆ ಅಭಿನಯಿಸಿದಳು. ತೆಲುಗಿನ ಆ ಪದಗಳು ಹದಿನೇಳನೇ ಶತಮಾನದವು. ಅವುಗಳ ನಾಯಕ ಮುವ್ವಗೋಪಾಲ. ಇವುಗಳನ್ನು ಇಂಗ್ಲಿಷಿಗೆ ತಂದ ಮೂವರಲ್ಲಿ ಒಬ್ಬರು ನಮ್ಮ ಮೈಸೂರಿನಲ್ಲಿ ಹುಟ್ಟಿ ಶಿಕಾಗೋದಲ್ಲಿ ಪಾಠ ಹೇಳಿದ ಎ.ಕೆ. ರಾಮಾನುಜನ್. ವೆಲ್ಚೇರು ನಾರಾಯಣ ರಾವ್ ಮತ್ತು ಡೇವಿಡ್ ಶುಲ್ಮನ್ ಅವರೊಡನೆ ಮಾಡಿದ ಆ ಪುಸ್ತಕ ರಾಮಾನುಜನ್ ತೀರಿಕೊಂಡ ಮರುವರ್ಷ, 1994ರಲ್ಲಿ, ಅಚ್ಚಾಯಿತು. ಅದರ ಹೆಸರೇ ದೇವರನ್ನು ಗಿರಾಕಿ ಎನ್ನುತ್ತದೆ. ಈ ಪದಗಳಲ್ಲಿ ಮಾತಾಡುವವಳು ಬಹುಮಟ್ಟಿಗೆ ಒಬ್ಬ ವೇಶ್ಯೆ. ಅವಳು ದೇವರನ್ನು ಹಂಗಿಸುತ್ತಾಳೆ, ಲೆಕ್ಕ ಕೇಳುತ್ತಾಳೆ, ಬಾಗಿಲಲ್ಲಿ ನಿಲ್ಲಿಸುತ್ತಾಳೆ. ಭಕ್ತಿ ಅಲ್ಲಿ ಇಲ್ಲವೆಂದಲ್ಲ. ಭಕ್ತಿಯ ದಾರಿ ಆ ಮೈಯ ಮೂಲಕ, ಆ ಜಗಳದ ಮೂಲಕವೇ ಹೋಗುತ್ತದೆ. ಮೈಯನ್ನು ಬಿಟ್ಟು ನೇರವಾಗಿ ಪರಮಾತ್ಮನ ಹತ್ತಿರ ಜಿಗಿದರೆ ಆ ಹೆಂಗಸಿನ ದನಿ ಕೇಳಿಸದೇ ಹೋಗುತ್ತದೆ.

ಇದು ನಾವು ಇವತ್ತು ಹುಟ್ಟಿಸಿದ ತಕರಾರಲ್ಲ. ರುಕ್ಮಿಣಿ ದೇವಿಯವರಿಗೆ ಶೃಂಗಾರದ ಕೆಲವು ಬಗೆಗಳು ರಂಗಕ್ಕೆ ತಕ್ಕದ್ದಲ್ಲವೆಂದು ಕಂಡಿತು. ಅವರು ಭಕ್ತಿಗೆ ಒತ್ತು ಕೊಟ್ಟರು. ವೀಣೆ ಧನಮ್ಮಾಳರ ಮೊಮ್ಮಗಳು ಟಿ. ಬಾಲಸರಸ್ವತಿ ಒಪ್ಪಲಿಲ್ಲ. ಶೃಂಗಾರದಲ್ಲಿ ಶುದ್ಧಿ ಮಾಡಬೇಕಾದ್ದು ಏನೂ ಇಲ್ಲ, ಅಭಿನಯಕ್ಕೆ ಅದಕ್ಕಿಂತ ದೊಡ್ಡ ಕ್ಷೇತ್ರ ಇನ್ನೊಂದಿಲ್ಲ ಎಂಬುದು ಅವರ ನಿಲುವು. ಇಬ್ಬರೂ ದೊಡ್ಡವರು. ನಮ್ಮ ಬ್ರೋಷರುಗಳಲ್ಲಿ ಒಬ್ಬರ ವಾದ ಮಾತ್ರ ಉಳಿದಿದೆ, ಅದೂ ವಾದವೆಂದು ಗೊತ್ತಾಗದಂತೆ. ಹದಿನಾರು ವರ್ಷದ ಹುಡುಗಿಗೆ ಇಂಥ ಪದ ಕೊಡಬೇಕೆ ಬೇಡವೆ ಎಂಬುದು ಗುರುಗಳು, ತಾಯಿ ತಂದೆ ಕುಳಿತು ಯೋಚಿಸಬೇಕಾದ್ದು. ಕೊಟ್ಟ ಮೇಲೆ ಅದು ಏನು ಹೇಳುತ್ತದೆಂದು ಅವಳಿಗೆ ವಯಸ್ಸಿಗೆ ತಕ್ಕಂತೆ ತಿಳಿಸದೆ, ಮೇಲೆ ವೇದಾಂತ ಹೊದಿಸಿ ಕಳಿಸುವುದು ಅವಳಿಗೂ ಪದಕ್ಕೂ ಮಾಡುವ ಅನ್ಯಾಯ. ಅಂದು ಅವಳ ಕಣ್ಣಿನಲ್ಲಿ ಸಿಟ್ಟು ಬರಬೇಕಾದ ಕಡೆ ವಿನಯ ಬಂದದ್ದಕ್ಕೆ ಇದೇ ಕಾರಣವಿರಬಹುದು.

ಇನ್ನು ಬ್ರೋಷರಿನಲ್ಲಿ ಇಲ್ಲದವರ ವಿಷಯ. 'ದೇವದಾಸಿ' ಎಂಬ ಪದ ಅದರಲ್ಲಿ ಒಂದೇ ಕಡೆ ಬರುತ್ತದೆ. ದೇವಾಲಯದಲ್ಲಿ ಪವಿತ್ರವಾಗಿದ್ದ ಕಲೆ ಕಾಲಾಂತರದಲ್ಲಿ ಅವರ ಕೈಯಲ್ಲಿ ಕೆಟ್ಟಿತು, ಆಮೇಲೆ ಉದ್ಧಾರವಾಯಿತು ಎಂಬ ವಾಕ್ಯದಲ್ಲಿ. ಒಂದು ಕಲೆಯನ್ನು ತಲೆಮಾರುಗಟ್ಟಲೆ ಮೈಯಲ್ಲಿ ಕಾಪಾಡಿಕೊಂಡು ಬಂದವರಿಗೆ ಸಿಕ್ಕ ಪಾಲು ಅಷ್ಟೇ!

ಕನ್ನಡದ ಶಾಸನಗಳನ್ನು ಓದಿದವರಿಗೆ ಬೇರೆ ಚಿತ್ರ ಸಿಗುತ್ತದೆ. ಬಾದಾಮಿಯ ಹತ್ತಿರದ ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿಯ ಎಂಟನೇ ಶತಮಾನದ ಶಾಸನವಿದೆ. ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಕೊಟ್ಟ ಅವಳ ಮನೆತನವನ್ನು ಅಜ್ಜಿ, ತಾಯಿ, ಮಗಳು ಎಂದು ಹೆಣ್ಣಿನ ಸಾಲಿನಲ್ಲಿ, ಗೌರವದ ಬಹುವಚನದಲ್ಲಿ ಅಲ್ಲಿ ಬರೆದಿದ್ದಾರೆ. ನರ್ತಕಿಗೆ ಶಾಸನಗಳ ಪದ 'ಪಾತ್ರ'. ಇವತ್ತು ನಾವು ಬೈಗುಳವೆಂದು ಬಾಯಲ್ಲಿ ತರದ 'ಸೂಳೆ' ಎಂಬ ಪದವೂ ಶಾಸನಗಳಲ್ಲಿ ದೇವಾಲಯದ ಸೇವೆಯವರಿಗೆ ಸಲ್ಲುತ್ತಿತ್ತು. ವಚನಕಾರ್ತಿ ಸಂಕವ್ವೆಯ ಹೆಸರಿನ ಹಿಂದೆ ಅದು ಇಂದಿಗೂ ನಿಂತಿದೆ. ಆ ಪದ ಕೆಳಗಿಳಿದ ಕಥೆಯೂ ಆ ಹೆಂಗಸರ ಪಾಡಿನ ಕಥೆಯೂ ಬೇರೆಬೇರೆಯಲ್ಲ.

ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಮದರಾಸಿನ ಕಾಯ್ದೆ ಬಂದದ್ದು 1947ರಲ್ಲಿ. ನಂಜನಗೂಡಿನ ದೇವಾಲಯದ ದೇವದಾಸಿಯರು ಸರ್ಕಾರಕ್ಕೆ ಅರ್ಜಿ ಹಾಕಿಕೊಂಡರು, ಫಲವಾಗಲಿಲ್ಲ. ಅದೇ ನಂಜನಗೂಡಿನ ಸೀಮೆಯಲ್ಲಿ 1878ರಲ್ಲಿ ಹುಟ್ಟಿದವರು ಬೆಂಗಳೂರು ನಾಗರತ್ನಮ್ಮ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ತಮ್ಮ ಆಸ್ತಿಯನ್ನೆಲ್ಲ ಸುರಿದು ಗುಡಿ ಕಟ್ಟಿಸಿದವರು. ಇಲ್ಲಿ ಪ್ರತಿ ವರ್ಷ ತ್ಯಾಗರಾಜ ಆರಾಧನೆ ಮಾಡುವ ನಾವು ಅವರನ್ನು ನೆನೆಯುವುದು ಅಪರೂಪ. ತಂಜಾವೂರಿನ ಆಸ್ಥಾನದ ಮುದ್ದುಪಳನಿ ಬರೆದ ತೆಲುಗು ಶೃಂಗಾರ ಕಾವ್ಯ 'ರಾಧಿಕಾ ಸಾಂತ್ವನ'ವನ್ನು ನಾಗರತ್ನಮ್ಮ 1910ರಲ್ಲಿ ಪೂರ್ತಿಯಾಗಿ ಅಚ್ಚು ಹಾಕಿಸಿದರು. ಬ್ರಿಟಿಷ್ ಸರ್ಕಾರ ಅದನ್ನು ಅಶ್ಲೀಲವೆಂದು ನಿಷೇಧಿಸಿತು. ಗಂಡಸರು ಬರೆದ ಶೃಂಗಾರ ಕಾವ್ಯಗಳಿಗೆ ಇಲ್ಲದ ಆಕ್ಷೇಪಣೆ ಹೆಂಗಸು ಬರೆದದ್ದಕ್ಕೆ ಯಾಕೆ ಎಂಬುದು ಅವರ ಪ್ರಶ್ನೆಯಾಗಿತ್ತು.

ಇಷ್ಟು ಹೇಳಿ ದೇವದಾಸಿ ಪದ್ಧತಿಯನ್ನು ಹೊಗಳಲು ನಾವು ಹೊರಟಿಲ್ಲ. ಅದನ್ನು ನಿಲ್ಲಿಸಲು ಹೋರಾಡಿದ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ತಾಯಿ ಆ ಸಮುದಾಯದವರೇ. ಆ ಬದುಕನ್ನು ಕಂಡುಂಡ ಮೂವಲೂರು ರಾಮಾಮಿರ್ತಂ ಅಮ್ಮಾಳ್ ಅದರ ವಿರುದ್ಧ 1936ರಲ್ಲಿ ತಮಿಳಿನಲ್ಲಿ ಕಾದಂಬರಿಯನ್ನೇ ಬರೆದರು. ಉತ್ತರ ಕರ್ನಾಟಕದಲ್ಲಿ ಎಲ್ಲಮ್ಮನಿಗೆ ಬಿಟ್ಟ ದಲಿತ ಹುಡುಗಿಯರ ಪಾಡು ನಮಗೆಲ್ಲ ಗೊತ್ತಿದೆ. ಕರ್ನಾಟಕಕ್ಕೆ 1982ರಲ್ಲಿ ಮತ್ತೆ ಒಂದು ಕಾಯ್ದೆ ಬೇಕಾಯಿತು. ಅವರ ಬದುಕೂ ಆಸ್ಥಾನದ ನರ್ತಕಿಯರ ಬದುಕೂ ಒಂದೇ ಅಲ್ಲ, ಒಂದೇ ಪದದಲ್ಲಿ ಎರಡನ್ನೂ ತುಂಬಿದರೆ ಇಬ್ಬರಿಗೂ ಅನ್ಯಾಯ. ನಾವು ಹೇಳುವುದಿಷ್ಟೆ: ಪದ್ಧತಿ ಹೋದದ್ದು ಒಳ್ಳೆಯದೇ. ಆದರೆ ಪದ್ಧತಿಯ ಜೊತೆಗೆ ಆ ಹೆಂಗಸರ ಹೆಸರುಗಳನ್ನೂ ಕೈಬಿಟ್ಟು ಅವರ ಹೆಜ್ಜೆಗಳನ್ನು ಮಾತ್ರ ಇಟ್ಟುಕೊಂಡದ್ದು ಸರಿಯಲ್ಲ.

ಮೈಸೂರಿನ ಕಥೆ ಇನ್ನೂ ಒಂದು ಪಾಠ ಕಲಿಸುತ್ತದೆ. ಆಸ್ಥಾನದ ಹೆಸರಾಂತ ನರ್ತಕಿ ಜಟ್ಟಿ ತಾಯಮ್ಮ (1857–1947) ಪೈಲ್ವಾನರ ಮಗಳು, ಹೆಸರಿನಲ್ಲೇ ಗರಡಿಯಿದೆ. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ (1906–2002) ಕಡೂರಿನ ಕಡೆಯ ಲಂಬಾಣಿ ತಾಂಡ್ಯದಲ್ಲಿ ಹುಟ್ಟಿದವರು. ದೇವಾಲಯದಲ್ಲಿ ಸೇವೆ ನಿಂತ ಮೇಲೂ ಅರಮನೆಯಲ್ಲಿ ನೃತ್ಯ ಉಳಿಯಿತು, ಅದು ವೆಂಕಟಲಕ್ಷಮ್ಮನವರ ಮೈಯಲ್ಲಿ ಉಳಿಯಿತು. 1965ರಲ್ಲಿ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ಕಲಿಸಲು ಬಂದರು, 1992ರಲ್ಲಿ ಪದ್ಮಭೂಷಣ ಪಡೆದರು. ಕುಳಿತಲ್ಲೇ, ಹುಬ್ಬು ಮತ್ತು ತುಟಿಯಲ್ಲಿ ಒಂದು ಜಾವಳಿಯನ್ನು ಹತ್ತು ಬಗೆಯಲ್ಲಿ ತೋರಿಸಬಲ್ಲವರಾಗಿದ್ದರು. ದೇವಾಲಯದಿಂದ ಸಭೆಗೆ ಎಂಬ ಬ್ರೋಷರಿನ ನೇರ ದಾರಿಯಲ್ಲಿ ಪೈಲ್ವಾನರ ಮಗಳಿಗೂ ಜಾಗವಿಲ್ಲ, ತಾಂಡ್ಯದ ಮಗುವಿಗೂ ಜಾಗವಿಲ್ಲ. ಕರ್ನಾಟಕದಲ್ಲಿ ನೃತ್ಯ ಕಲಿತು ಇಲ್ಲಿಗೆ ಬಂದ ಅನೇಕ ಗುರುಗಳ ಅಭಿನಯದ ಬೇರು ಮಾತ್ರ ಅವರಲ್ಲೇ ಇದೆ.

ಅಮೆರಿಕದಲ್ಲಿ ಕುಳಿತ ನಮಗೆ ಇದೆಲ್ಲ ಯಾಕೆ ಎಂದು ಕೇಳಬಹುದು. ನಮಗೇ ಹೆಚ್ಚು ಬೇಕು. ಈ ದೇಶಕ್ಕೆ ಭಾರತದ ನರ್ತಕಿಯರು ಬಂದದ್ದು ನಮಗಿಂತ ಬಹಳ ಮೊದಲು. 1881ರಲ್ಲಿ ಆಗಸ್ಟಿನ್ ಡಾಲಿ ಎಂಬ ರಂಗಮಂದಿರದ ಯಜಮಾನ ತನ್ನ ನಾಟಕಕ್ಕೆಂದು ಅವರನ್ನು ನ್ಯೂಯಾರ್ಕಿಗೆ ಕರೆಸಿದ್ದ. 1906ರಲ್ಲಿ ರೂತ್ ಸೇಂಟ್ ಡೆನಿಸ್ 'ರಾಧಾ' ಎಂಬ ನೃತ್ಯ ಮಾಡಿ ಹೆಸರು ಗಳಿಸಿದರು. ಅಮೆರಿಕದ ಆಧುನಿಕ ನೃತ್ಯದ ಚರಿತ್ರೆಯಲ್ಲಿ ಅವರ ಹೆಸರಿದೆ, ಡಾಲಿ ಕರೆಸಿದ ಹೆಂಗಸರದು ಇಲ್ಲ. 1962ರಲ್ಲಿ ಬಾಲಸರಸ್ವತಿ ಮೆಸಾಚುಸೆಟ್ಸಿನ ಜೇಕಬ್ಸ್ ಪಿಲ್ಲೋ ಉತ್ಸವಕ್ಕೆ ಬಂದರು, ಮುಂದೆ ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಬೇರೆಯವರ ಹೆಸರು ಅಳಿಸಿಹಾಕುವ ಈ ದೇಶದ ಅಭ್ಯಾಸವನ್ನು ದೂರುವ ನಾವು ಮನೆಯೊಳಗೆ ಅದನ್ನೇ ಮಾಡುತ್ತಿಲ್ಲವೇ?

ನಮ್ಮ ಮಕ್ಕಳ ನೃತ್ಯಕ್ಕೆ ಇಲ್ಲಿಯ ಶಾಲೆಗಳಲ್ಲಿ 'ಎಥ್ನಿಕ್' ಎಂಬ ಚೀಟಿ ಅಂಟಿಸುತ್ತಾರೆ, ಬ್ಯಾಲೆಗೆ ಬರಿಯ 'ಡಾನ್ಸ್' ಎನ್ನುತ್ತಾರೆ. ಜೋಆನ್ ಕೆಆಲಿಇನೊಹೊಮೊಕು ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ 1970ರ ಸುಮಾರಿಗೆ ಬರೆದ ಲೇಖನವೊಂದರಲ್ಲಿ ಬ್ಯಾಲೆಯೂ ಒಂದು ಜನಾಂಗದ ನೃತ್ಯವೇ ಎಂದು ತೋರಿಸಿದರು. ಹಂಸವಾಗುವ ಹುಡುಗಿ, ರಾಜಕುಮಾರ, ಮದುವೆ ಇವೆಲ್ಲ ಯೂರೋಪಿನ ಒಂದು ಸಮಾಜದ ನಂಬಿಕೆ ನಡವಳಿಕೆಗಳು ತಾನೆ? ಎಲ್ಲ ನೃತ್ಯಕ್ಕೂ ಊರಿದೆ, ಕಾಲವಿದೆ, ಜಾತಿಯಿದೆ, ಸಂಬಳ ಕೊಟ್ಟವರಿದ್ದಾರೆ. ಈ ಮಾತನ್ನು ಬ್ಯಾಲೆಯ ಮೇಲೆ ಪ್ರಯೋಗಿಸಿ ನಾವು ಚಪ್ಪಾಳೆ ತಟ್ಟಬಹುದು. ಅದನ್ನೇ ಭರತನಾಟ್ಯದ ಮೇಲೆ ಪ್ರಯೋಗಿಸಿದಾಗ "ಹಬ್ಬದ ದಿನ ಇದೆಲ್ಲ ಯಾಕ್ರೀ" ಎನ್ನಬಾರದು.

ಆದರೂ ಆ ಆಕ್ಷೇಪಣೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹತ್ತು ವರ್ಷ ಭಾನುವಾರ ಬೆಳಿಗ್ಗೆ ನಿದ್ದೆಗೆಟ್ಟು ಮಿನಿವ್ಯಾನಿನಲ್ಲಿ ಮಗಳನ್ನು ಕ್ಲಾಸಿಗೆ ಒಯ್ದ ತಾಯಿ ತಂದೆಯರ ಸಂಭ್ರಮದ ದಿನವದು. ಅಂದು ವೇದಿಕೆಯ ಮೇಲೆ ಚರಿತ್ರೆಯ ಉಪನ್ಯಾಸ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ನೃತ್ಯವನ್ನು ಬಿಟ್ಟು ಚರಿತ್ರೆಯನ್ನು ಮಾತ್ರ ನೋಡುವ ಪಂಡಿತರನ್ನೂ ನಾವು ಕಂಡಿದ್ದೇವೆ. ಅವರಿಗೆ ಎದುರಿಗಿರುವ ಹುಡುಗಿಯ ಕಾಲು ಬೆವರು ಕಾಣುವುದಿಲ್ಲ. ಅವಳು ಯಾರ ಅಪರಾಧವನ್ನೂ ಹೊರಬೇಕಾಗಿಲ್ಲ, ಕುಣಿಯುವುದನ್ನು ಬಿಡಬೇಕಾಗಿಯೂ ಇಲ್ಲ. ತನ್ನ ಹೆಜ್ಜೆ ಯಾರಿಂದ ಬಂತೆಂದು ತಿಳಿದುಕೊಂಡರೆ ಸಾಕು. ಕುಲದೇವರು, ಅಜ್ಜ ಅಜ್ಜಿ, ಮೇಕಪ್ಪಿನವರು, ಊಟದ ಕೇಟರಿಂಗಿನವರವರೆಗೆ ಎಲ್ಲರಿಗೂ ವಂದನೆ ಹೇಳುವ ಬ್ರೋಷರಿನಲ್ಲಿ ಇನ್ನೂ ನಾಲ್ಕು ಸಾಲಿಗೆ ಜಾಗ ಸಿಕ್ಕೇ ಸಿಗುತ್ತದೆ.

ಆದ್ದರಿಂದ ಗುರುಗಳಲ್ಲಿ, ತಾಯಿ ತಂದೆಯರಲ್ಲಿ ನಮ್ಮ ಕೋರಿಕೆ ಇಷ್ಟು. ಎರಡು ಸಾವಿರವನ್ನು ಇನ್ನೂರಕ್ಕೆ ಇಳಿಸಿ, ಅದರ ಬದಲು ತಂಜಾವೂರು ಸಹೋದರರ ಹೆಸರು ಹಾಕಿ. ಪ್ರತಿ ಹಾಡಿನ ಕೆಳಗೆ ರಚಿಸಿದವರು, ಹಾಡಿನಲ್ಲಿ ಮಾತಾಡುವವಳು ಯಾರೆಂದು ಒಂದು ವಾಕ್ಯ ಬರೆಯಿರಿ. ಗುರುಪರಂಪರೆ ಬರೆಯುವಾಗ ನಿಮ್ಮ ಗುರುಗಳ ಗುರುಗಳಲ್ಲಿ ನಿಲ್ಲಿಸದೆ ಇನ್ನೊಂದು ಮೆಟ್ಟಿಲು ಹತ್ತಿ. ಅಲ್ಲಿ ಯಾರೋ ಒಬ್ಬ ನಟ್ಟುವನಾರರೋ, ಒಬ್ಬ ತಾಯಮ್ಮನೋ ಕಾದು ಕುಳಿತಿರುತ್ತಾರೆ. 'ಕೆಟ್ಟಿತು, ಉದ್ಧಾರವಾಯಿತು' ಎಂಬ ವಾಕ್ಯವನ್ನು ಮಾತ್ರ ದಯವಿಟ್ಟು ತೆಗೆದುಬಿಡಿ.

ಗೆಜ್ಜೆಪೂಜೆಯ ದಿನ ಆ ಹಿರಿಯರೂ ನಮ್ಮ ಜೊತೆ ದೇವಸ್ಥಾನಕ್ಕೆ ಬಂದಿದ್ದರು. ಪೂಜೆ ಮುಗಿದು ಪುಳಿಯೋಗರೆ ತಿನ್ನುವಾಗ ಹುಡುಗಿ ಅವರ ಕಾಲಿಗೆ ನಮಸ್ಕರಿಸಿದಳು. ಅವರು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಿನಿಮಾದ ಕಥೆ ಹೇಳಿದರು, ಇಂಗ್ಲಿಷಿನಲ್ಲಿ, ಮಧ್ಯೆ ಮಧ್ಯೆ ಕನ್ನಡದಲ್ಲಿ. ತಾಯಿಗೆ ಸ್ವಲ್ಪ ಕಸಿವಿಸಿಯಾಯಿತು. ಹುಡುಗಿ ಕೊನೆಯವರೆಗೂ ಕೇಳಿ, "ಅವಳಿಗೆ ಡಾನ್ಸ್ ಇಷ್ಟ ಇತ್ತಾ ತಾತ?" ಎಂದಳು. ಹಿರಿಯರಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮನೆಗೆ ಹೋಗಿ ಕಾದಂಬರಿಯನ್ನು ಮತ್ತೆ ತೆಗೆದಿದ್ದಾರಂತೆ. ಮುಂದಿನ ಕೂಟದಲ್ಲಿ ಅದನ್ನೇ ಓದುವುದೆಂದು ಗೊತ್ತಾಗಿದೆ. ಬನ್ನಿ, ಹುಡುಗಿಯನ್ನೂ ಕರೆದಿದ್ದೇವೆ. ಬರುವ ಬೇಸಿಗೆಯಲ್ಲಿ ಯಾರ ಮನೆಯಲ್ಲಿ ರಂಗಪ್ರವೇಶವಿದ್ದರೂ ಆ ನಾಲ್ಕು ಸಾಲು ಬರೆದುಕೊಡಲು ನಮ್ಮ ಕೂಟ ಸಿದ್ಧವಿದೆ.